ಶಿಕ್ಷೆ ಅಂದರೆ ಕಲಿಕೆಯೋ, ದಂಡನೆಯೋ?

ಪ್ರಶ್ನೆ: ನನ್ನ ಮಗಳು ಹಿಂದಿ ಪಾಠದಲ್ಲಿ 'ಶಿಕ್ಷಾ' ಅಂದರೆ ವಿದ್ಯಾಭ್ಯಾಸ ಅಂತ ಓದಿಕೊಂಡು ಬಂದಳು. 'ಕನ್ನಡದಲ್ಲಿ ಶಿಕ್ಷೆ ಅಂದರೆ ಪನಿಶ್‌ಮೆಂಟ್ ಅಲ್ವಾ, ಹಾಗಾದರೆ ಯಾವುದು ಸರಿ?' ಅಂತ ಕೇಳಿದಳು. ನನಗೆ ಹೇಳಲು ಗೊತ್ತಾಗಲಿಲ್ಲ. ಸಂಸ್ಕೃತದ ಪದವನ್ನು ನಾವು ತಪ್ಪಾಗಿ ಬಳಸುತ್ತಿದ್ದೇವಾ? ಶಿಕ್ಷೆ, ದಂಡ, ಸಜೆ ಎಲ್ಲ ಒಂದೇನಾ? ಇದಕ್ಕೆ ಕನ್ನಡದ್ದೇ ಆದ ಪದ ಇಲ್ಲವೇ?

ಉತ್ತರ: ಇಲ್ಲ, ನಾವು ತಪ್ಪಾಗಿ ಬಳಸುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ 'ಕನ್ನಡದವರು ಒಳ್ಳೆಯ ಪದವನ್ನು ಕೆಡಿಸಿದರು' ಎಂಬ ಮಾತನ್ನು ಆಗಾಗ ಕೇಳುತ್ತೇನೆ, ಅದು ನಿಜವಲ್ಲ. ಶಿಕ್ಷೆ ಎಂಬ ಪದಕ್ಕೆ ಕಲಿಕೆ ಎಂಬ ಅರ್ಥವೂ ಇತ್ತು, ತಿದ್ದುವುದು, ದಂಡಿಸುವುದು ಎಂಬ ಅರ್ಥವೂ ಸಂಸ್ಕೃತದಲ್ಲೇ ಬಂದು ಸೇರಿತ್ತು. ಸಂಸ್ಕೃತ ನಿಘಂಟು ತೆಗೆದು ನೋಡಿದರೆ ಎರಡೂ ಸಿಗುತ್ತವೆ. ಹಿಂದಿ ಒಂದನ್ನು ಇಟ್ಟುಕೊಂಡಿತು, ನಾವು ಇನ್ನೊಂದನ್ನು ಇಟ್ಟುಕೊಂಡೆವು, ಅಷ್ಟೇ.

ಆದರೆ ಕಲಿಕೆಯಿಂದ ದಂಡನೆಗೆ ದಾರಿ ಹೇಗೆ ಬಂತು ಅನ್ನುವುದು ನಿಧಾನವಾಗಿ ನೋಡಬೇಕಾದ ವಿಷಯ.

ಮೂಲದಲ್ಲಿರುವುದು 'ಶಕ್' ಎಂಬ ಧಾತು. ಸಾಧ್ಯವಾಗು, ಸಮರ್ಥವಾಗು ಎಂದು ಅರ್ಥ. ನಾವು ದಿನಾ ಬಳಸುವ ಶಕ್ತಿ, ಶಕ್ತ, ಶಕ್ಯ, ಅಶಕ್ತ ಎಲ್ಲ ಇದರಿಂದಲೇ ಬಂದವು. ಸಂಸ್ಕೃತದಲ್ಲಿ ಒಂದು ಧಾತುವಿನಿಂದ 'ಹಾಗೆ ಮಾಡಬೇಕೆಂಬ ಆಸೆ' ಎಂಬ ಅರ್ಥ ಬರುವ ಹಾಗೆ ಹೊಸ ರೂಪ ಕಟ್ಟುವ ಒಂದು ಪದ್ಧತಿ ಇದೆ. ತಿಳಿಯುವ ಆಸೆ ಜಿಜ್ಞಾಸೆ, ಕುಡಿಯುವ ಆಸೆ ಪಿಪಾಸೆ, ಬಿಡುಗಡೆಯ ಆಸೆ ಇರುವವನು ಮುಮುಕ್ಷು. ಶುಶ್ರೂಷೆ ಕೂಡ ಹೀಗೇ ಆದದ್ದು. ಅದರ ಮೊದಲ ಅರ್ಥ ಕೇಳುವ ಆಸೆ. ಗುರುವಿನ ಮಾತು ಕೇಳಲು ಹತ್ತಿರ ಇರುವವನು ಗುರುವಿನ ಸೇವೆ ಮಾಡುತ್ತಾನೆ, ಹಾಗಾಗಿ ಸೇವೆ ಎಂದಾಯಿತು, ಆಮೇಲೆ ರೋಗಿಯ ಆರೈಕೆ ಎಂದಾಯಿತು. ಭಿಕ್ಷೆಯೂ ಇದೇ ಜಾತಿಯ ಪದ, ಪಾಲು ಪಡೆಯುವ ಆಸೆ. ಹಾಗೆಯೇ 'ಶಕ್' ಧಾತುವಿನಿಂದ 'ಶಿಕ್ಷ್'. ನನಗೆ ಇದು ಸಾಧ್ಯವಾಗಬೇಕು, ಇದು ನನಗೆ ಬರಬೇಕು ಎಂಬ ಹಂಬಲ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗಂತೂ ಗೊತ್ತಿಲ್ಲ.

ಇದು ಎಷ್ಟು ಹಳೆಯದು ಎಂದರೆ ಋಗ್ವೇದದಲ್ಲೇ ಇದೆ. ಏಳನೇ ಮಂಡಲದ 103ನೇ ಸೂಕ್ತ ಕಪ್ಪೆಗಳ ಬಗ್ಗೆ ಇದೆ. ಮಳೆ ಬಂದಾಗ ಒಂದು ಕಪ್ಪೆ ಕೂಗಿದ್ದನ್ನೇ ಇನ್ನೊಂದು ಕೂಗುತ್ತದಲ್ಲ, ಅದು 'ಶಾಕ್ತಸ್ಯೇವ ವದತಿ ಶಿಕ್ಷಮಾಣಃ', ಅಂದರೆ ಬಲ್ಲವನು ಹೇಳಿದ್ದನ್ನು ಕಲಿಯುವವನು ತಿರುಗಿ ಹೇಳಿದ ಹಾಗೆ ಇದೆಯಂತೆ. ಹೇಳಿಕೊಡುವವನು ಶಾಕ್ತ, ಕಲಿಯುವವನು ಶಿಕ್ಷಮಾಣ. ಇಬ್ಬರ ಹೆಸರೂ ಒಂದೇ ಧಾತುವಿನಿಂದ, ಅದೂ ಒಂದೇ ಸಾಲಿನಲ್ಲಿ! ಒಬ್ಬನಿಗೆ ಆಗಲೇ ಸಾಧ್ಯವಾಗಿದೆ, ಇನ್ನೊಬ್ಬನಿಗೆ ಸಾಧ್ಯವಾಗಬೇಕಿದೆ. ಮುಂದೆ ವೇದದ ಆರು ಅಂಗಗಳಲ್ಲಿ ಉಚ್ಚಾರಣೆಯನ್ನು ಹೇಳಿಕೊಡುವ ಶಾಸ್ತ್ರಕ್ಕೇ ಶಿಕ್ಷಾ ಎಂದು ಹೆಸರಾಯಿತು. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗ ಶೀಕ್ಷಾವಲ್ಲಿ, ಅಲ್ಲಿ ವರ್ಣ, ಸ್ವರ, ಮಾತ್ರೆ, ಬಲ ಎಂದು ಶುರುವಾಗುತ್ತದೆ. ಇಲ್ಲೆಲ್ಲೂ ಏಟಿನ ಸುದ್ದಿಯೇ ಇಲ್ಲ.

ಹಾಗಾದರೆ ದಂಡನೆ ಎಲ್ಲಿಂದ ನುಸುಳಿತು? ನಡುವೆ ಒಂದು ಮೆಟ್ಟಿಲು ಇದೆ. ಕಲಿಕೆ ಅನ್ನುವುದು ಬರೀ ತಿಳಿವಳಿಕೆ ಅಲ್ಲ, ಅಭ್ಯಾಸ, ಹದ, ಕಟ್ಟುಪಾಡು ಕೂಡ ಹೌದು. ಬೌದ್ಧರು ಪಾಲಿಯಲ್ಲಿ 'ಸಿಕ್ಖಾಪದ' ಎನ್ನುವುದು ಪಾಠಕ್ಕಲ್ಲ, ಪಾಲಿಸಬೇಕಾದ ನಿಯಮಕ್ಕೆ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಒಪ್ಪಿಕೊಳ್ಳುವ ಒಂದೊಂದು ಮಾತೂ ಒಂದೊಂದು ಸಿಕ್ಖಾಪದ. ಜೈನ ಗೃಹಸ್ಥರ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತ, ಮೂರು ಗುಣವ್ರತ, ಉಳಿದ ನಾಲ್ಕು ಶಿಕ್ಷಾವ್ರತ. ಅವು ಮನಸ್ಸನ್ನೂ ದೇಹವನ್ನೂ ಪಳಗಿಸಿಕೊಳ್ಳುವ ವ್ರತಗಳು. ಇಲ್ಲಿ ಶಿಕ್ಷೆ ಅಂದರೆ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು. ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಂಡರೆ ಅದು ವ್ರತ, ಇನ್ನೊಬ್ಬರನ್ನು ಹಿಡಿತಕ್ಕೆ ತಂದರೆ ಅದು ದಂಡನೆ. ಎರಡಕ್ಕೂ ಒಂದೇ ಪದ ಸಾಕಾಯಿತು.

ಇದೊಂದೇ ಪದದಲ್ಲಿ ಹೀಗಾಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಆದರೆ ಪಕ್ಕದಲ್ಲೇ 'ಶಾಸ್' ಎಂಬ ಇನ್ನೊಂದು ಧಾತು ಇದೆ, ಅದರ ಕತೆ ಇನ್ನೂ ಸ್ಪಷ್ಟ. ಶಾಸ್ ಅಂದರೆ ಹೇಳಿಕೊಡು, ಅಪ್ಪಣೆ ಮಾಡು, ಆಳು, ದಂಡಿಸು, ಎಲ್ಲವೂ. ಹೇಳಿಕೊಡುವ ಪುಸ್ತಕ ಶಾಸ್ತ್ರ, ಹೇಳಿಸಿಕೊಳ್ಳುವವನು ಶಿಷ್ಯ. ರಾಜನ ಅಪ್ಪಣೆ ಶಾಸನ, ಅದನ್ನು ಕಲ್ಲಿನ ಮೇಲೆ ಕೆತ್ತಿಸಿದ್ದರಿಂದ ಕನ್ನಡದಲ್ಲಿ ಬರಹ ಇರುವ ಕಲ್ಲಿಗೇ ಶಾಸನ ಎನ್ನುತ್ತೇವೆ, ಹಲ್ಮಿಡಿ ಶಾಸನ ಅನ್ನುವ ಹಾಗೆ. ಇವತ್ತು ಕಾನೂನು ಮಾಡುವವನು ಶಾಸಕ. ತಪ್ಪು ಮಾಡಿದವನಿಗೆ ಆಗುವುದು ಶಾಸ್ತಿ, 'ತಕ್ಕ ಶಾಸ್ತಿ ಆಯ್ತು' ಅಂತೀವಲ್ಲ, ಅದೇ. ವ್ಯಾಕರಣಕ್ಕೂ ಇದೇ ಪದ ಬಂತು. 1604ರಲ್ಲಿ ಭಟ್ಟಾಕಳಂಕ ಕನ್ನಡಕ್ಕೆ ಸಂಸ್ಕೃತದಲ್ಲಿ ಬರೆದ ವ್ಯಾಕರಣದ ಹೆಸರು 'ಕರ್ಣಾಟಕ ಶಬ್ದಾನುಶಾಸನ'. ಶಬ್ದಗಳಿಗೂ ಅನುಶಾಸನ! ಬಂಗಾಳಿಯಲ್ಲಿ ಹಿಂದಿಯ ಹಾಗೆ ಶಿಕ್ಷಾ ಕಲಿಕೆಗೆ ಉಳಿದುಕೊಂಡಿತು, ದಂಡನೆಗೆ ಅವರು ಶಾಸ್ತಿ ಎಂಬುದನ್ನೇ ಹಿಡಿದರು.

ಈಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮಾತು ತೆಗೆದುಕೊಳ್ಳಿ: ದುಷ್ಟ ಶಿಕ್ಷಣ, ಶಿಷ್ಟ ರಕ್ಷಣ. ಇಲ್ಲಿ ಶಿಕ್ಷಣ ಅಂದರೆ ಶಾಲೆ ಅಲ್ಲ, ದಂಡನೆ. ಅಂದರೆ 'ಶಿಕ್ಷಣ' ಎಂಬ ಪದಕ್ಕೂ ಕನ್ನಡದಲ್ಲಿ ಎರಡೂ ಅರ್ಥ ಬಳಕೆಯಲ್ಲಿದ್ದವು. ಇನ್ನು 'ಶಿಷ್ಟ' ಯಾರು? ಶಾಸ್ ಧಾತುವಿನಿಂದಲೇ ಬಂದ ರೂಪ ಅದು, ಹೇಳಿಸಿಕೊಂಡವನು, ತಿದ್ದಿಸಿಕೊಂಡವನು ಎಂದು ಅರ್ಥ. ಈ ನಾಲ್ಕು ಪದಗಳಲ್ಲಿ ಒಳ್ಳೆಯವನು ಅಂದರೆ ಆಗಲೇ ಕಲಿತವನು, ಕೆಟ್ಟವನು ಅಂದರೆ ಇನ್ನು ಮುಂದೆ ಕಲಿಸಬೇಕಾದವನು. ನಮ್ಮ ಹಳೆಯ ಶಾಸನಗಳಲ್ಲಿ ರಾಜರನ್ನೂ ಅಧಿಕಾರಿಗಳನ್ನೂ ಹೊಗಳುವಾಗ 'ದುಷ್ಟನಿಗ್ರಹ ಶಿಷ್ಟಪ್ರತಿಪಾಲನ' ಎಂಬ ಮಾತು ಬರುತ್ತದೆ. ಅದೇ ಕಲ್ಪನೆ, ಶಿಕ್ಷಣದ ಜಾಗದಲ್ಲಿ ನಿಗ್ರಹ.

ಬೇರೆ ಭಾಷೆಗಳೂ ಇದೇ ದಾರಿಯಲ್ಲಿ ನಡೆದಿವೆ. ಗ್ರೀಕಿನಲ್ಲಿ ಮಗುವಿಗೆ ವಿದ್ಯೆ ಕೊಡುವುದಕ್ಕೆ ಇದ್ದ ಪೈಡೆವೋ ಎಂಬ ಕ್ರಿಯಾಪದವನ್ನೇ ಬೈಬಲ್‌ನ ಹೊಸ ಒಡಂಬಡಿಕೆಯಲ್ಲಿ ಹೊಡೆಸುವುದಕ್ಕೂ ಬಳಸಿದ್ದಾರೆ. ಲೂಕನ ಸುವಾರ್ತೆಯಲ್ಲಿ 'ಇವನನ್ನು ಹೊಡೆಸಿ ಬಿಟ್ಟುಬಿಡುತ್ತೇನೆ' ಎಂದು ರೋಮನ್ ಅಧಿಕಾರಿ ಪಿಲಾತ ಯೇಸುವಿನ ಬಗ್ಗೆ ಹೇಳುವಾಗ ಬರುವುದು ಇದೇ ಪದ. ಡಿಸಿಪ್ಲಿನ್ ಎಂಬ ಪದದ ಹಿಂದೆ ಇರುವುದು ಲ್ಯಾಟಿನ್‌ನ ಶಿಷ್ಯ, ಡಿಸಿಪುಲಸ್. ಅಷ್ಟು ದೂರ ಯಾಕೆ, ನಾವೇ ಕೋಪ ಬಂದಾಗ ಏನಂತೀವಿ? 'ಅವನಿಗೆ ಬುದ್ಧಿ ಕಲಿಸ್ತೀನಿ', 'ಸರಿಯಾಗಿ ಪಾಠ ಕಲಿಸಬೇಕು'. ಇಲ್ಲಿ ಕಲಿಸುವುದು ಏನನ್ನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ವರ್ಷದ ಹಿಂದೆ ಶಿಕ್ಷೆ ಎಂಬ ಪದಕ್ಕೆ ಆದದ್ದು ಈಗ 'ಕಲಿಸು' ಎಂಬ ಅಚ್ಚ ಕನ್ನಡ ಪದಕ್ಕೂ ಆಗುತ್ತಿದೆ, ನಮ್ಮ ಕಣ್ಣೆದುರಿಗೇ.

ಹಿಂದಿ ಒಂದು ಕಡೆ, ಕನ್ನಡ ಒಂದೇ ಇನ್ನೊಂದು ಕಡೆ ಅಂತಲೂ ಅಂದುಕೊಳ್ಳಬೇಡಿ. ಮರಾಠಿಯಲ್ಲಿ ಶಿಕ್ಷಾ ಅಂದರೆ ದಂಡನೆ, ಶಿಕ್ಷಣ ಅಂದರೆ ವಿದ್ಯೆ, ಥೇಟ್ ನಮ್ಮ ಹಾಗೆ. ತೆಲುಗಿನಲ್ಲಿ ಶಿಕ್ಷ ದಂಡನೆ, ಶಿಕ್ಷಣ ತರಬೇತಿ. ಮಲಯಾಳದಲ್ಲೂ ಶಿಕ್ಷ ಎಂದರೆ ದಂಡನೆಯೇ. ಹಿಂದಿಯವರಿಗೆ ದಂಡನೆಗೆ ಪಾರಸಿಯಿಂದ ಬಂದ ಸಜಾ ಇತ್ತು, ದಂಡ ಇತ್ತು, ಹಾಗಾಗಿ ಶಿಕ್ಷಾ ಎಂಬುದನ್ನು ಕಲಿಕೆಗೆ ಇಟ್ಟುಕೊಳ್ಳಲು ಅಡ್ಡಿಯಾಗಲಿಲ್ಲ. ನಮ್ಮಲ್ಲಿ ಕಲಿಕೆಗೆ ಓದು, ವಿದ್ಯೆ, ಕಲಿಕೆ, ವಿದ್ಯಾಭ್ಯಾಸ ಅಂತ ಬೇಕಾದಷ್ಟು ಪದಗಳಿದ್ದವು, ಶಿಕ್ಷೆಗೆ ಅಲ್ಲಿ ಕೆಲಸವೇ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ವ್ಯವಸ್ಥೆ ತುಂಬ ಅಚ್ಚುಕಟ್ಟಾದದ್ದು. ಒಂದೇ ಬೇರಿನಿಂದ ಎರಡು ಪದ, ಒಂದು ಶಾಲೆಗೆ, ಒಂದು ನ್ಯಾಯಾಲಯಕ್ಕೆ. ಅದಕ್ಕೇ ಕೇಂದ್ರದ 'ಸಮಗ್ರ ಶಿಕ್ಷಾ' ಯೋಜನೆ ಇಲ್ಲಿಗೆ ಬಂದಾಗ 'ಸಮಗ್ರ ಶಿಕ್ಷಣ ಕರ್ನಾಟಕ' ಎಂದು ಹೆಸರು ಬದಲಿಸಿಕೊಂಡಿತು. ಬದಲಿಸದೇ ಇದ್ದಿದ್ದರೆ ಕನ್ನಡದ ಮಗು ಏನಂದುಕೊಳ್ಳುತ್ತಿತ್ತು ಅಂತ ನಾನು ಹೇಳಬೇಕಾಗಿಲ್ಲ. ಮಗಳಿಗೆ ನೀವು ಹೀಗೆ ಹೇಳಿ: ಎರಡೂ ಸರಿ, ಹಿಂದಿಯಲ್ಲಿ ಹಿಂದಿಯದು, ಕನ್ನಡದಲ್ಲಿ ಕನ್ನಡದ್ದು. ನಮ್ಮಲ್ಲಿ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ, ಶಿಕ್ಷಕ, ಸುಶಿಕ್ಷಿತ, ಅಶಿಕ್ಷಿತ ಎನ್ನುವಾಗ ಅದು ಇನ್ನೂ ಉಸಿರಾಡುತ್ತಿದೆ. 'ಶಿಕ್ಷಕ' ಅಂದರೆ ಶಿಕ್ಷೆ ಕೊಡುವವನು ಎಂದು ಯಾರೂ ಅರ್ಥ ಮಾಡುವುದಿಲ್ಲ, ಮಾಡಬಾರದು ಕೂಡ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 'ಶಿಕ್ಷಣದಲ್ಲೇ ಶಿಕ್ಷೆ ಇದೆ ನೋಡಿ, ಹಾಗಾಗಿ ಹೊಡೆಯದೆ ವಿದ್ಯೆ ಬರುವುದಿಲ್ಲ' ಎಂದು ವಾದ ಮಾಡುವವರಿದ್ದಾರೆ. ಇದು ಪದದ ಇತಿಹಾಸವನ್ನು ತಲೆಕೆಳಗು ಮಾಡುವ ಮಾತು. ಶಿಕ್ಷಣದಿಂದ ಹಿಂದಕ್ಕೆ ಹೋದರೆ ಸಿಗುವುದು ಏಟಲ್ಲ, 'ನನಗೆ ಬರಬೇಕು' ಎಂಬ ಕಲಿಯುವವನ ಹಂಬಲ. ಏಟು ಆಮೇಲೆ ಅಂಟಿಕೊಂಡ ಅರ್ಥ. ಅದೂ ಅಲ್ಲದೆ, ಪದದ ಮೂಲ ಏನೇ ಇರಲಿ, ಅದನ್ನು ತೋರಿಸಿ ಮಗುವಿನ ಮೇಲೆ ಕೈ ಎತ್ತುವುದನ್ನು ಸರಿ ಅನ್ನಲಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಿಘಂಟು ತೋರಿಸಿ ಅದನ್ನು ದಾಟಲು ಬರುವುದಿಲ್ಲ.

ಇನ್ನು ದಂಡ. ಇದು ಶಿಕ್ಷೆಗಿಂತ ನೇರವಾದ ಪದ. ದಂಡ ಅಂದರೆ ಕೋಲು, ಅಷ್ಟೇ. ಈ ಪದ ಎಲ್ಲಿಂದ ಬಂತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗ್ರೀಕಿನಲ್ಲಿ ಮರಕ್ಕೆ ಇರುವ ದೆಂಡ್ರಾನ್ ಎಂಬ ಪದದ ಜೊತೆ ಸೇರಿಸುವವರಿದ್ದಾರೆ, ನಮ್ಮ 'ದಂಟು', ತಮಿಳಿನ 'ತಂಡು' ಮೊದಲಾದ ದ್ರಾವಿಡ ಪದಗಳ ಕಡೆ ಬೆರಳು ತೋರಿಸುವವರೂ ಇದ್ದಾರೆ. ಕೋಲು ಹಿಡಿದವನ ಕೈಯಲ್ಲಿ ಅಧಿಕಾರ, ಹಾಗಾಗಿ ದಂಡ ಅಂದರೆ ಅಧಿಕಾರ. ಅಧಿಕಾರ ಇದ್ದವನು ಹೊಡೆಯಬಲ್ಲ, ಹಾಗಾಗಿ ದಂಡ ಅಂದರೆ ದಂಡನೆ. ಹೊಡೆಯುವ ಬದಲು ಹಣ ವಸೂಲು ಮಾಡಿದರೆ ಅದೂ ದಂಡ. ರಾಜನ ಹೊಡೆಯುವ ಶಕ್ತಿ ಎಲ್ಲಿದೆ? ಸೈನ್ಯದಲ್ಲಿ. ಅದಕ್ಕೇ ಕೌಟಿಲ್ಯನ ರಾಜನೀತಿಯ ಪುಸ್ತಕ ಅರ್ಥಶಾಸ್ತ್ರದಲ್ಲಿ ರಾಜ್ಯದ ಏಳು ಅಂಗಗಳನ್ನು ಹೇಳುವಾಗ ದಂಡ ಎಂದರೆ ಸೈನ್ಯ. ಕನ್ನಡದಲ್ಲಿ ಅದೇ ದಂಡು ಆಯಿತು, ದಂಡನಾಯಕ, ದಂಡಯಾತ್ರೆ, ದಂಡೆತ್ತಿ ಬರುವುದು ಎಲ್ಲ ಹುಟ್ಟಿದವು. ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಕನ್ನಡದಲ್ಲಿ 'ಬೆಂಗಳೂರು ದಂಡು' ಎಂದು ಹೆಸರು. ತಹಸೀಲ್ದಾರರ ಕಚೇರಿಯ ಫಲಕದಲ್ಲಿ 'ತಾಲ್ಲೂಕು ದಂಡಾಧಿಕಾರಿ' ಎಂದು ಇರುವುದೂ ಇದೇ ಕೋಲು.

ರಾಜನೀತಿಗೇ ದಂಡನೀತಿ ಎಂದು ಹೆಸರಿತ್ತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಓದಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಬಗ್ಗೆ ಒಂದು ಮಾತಿದೆ. ದಂಡ ತೀರಾ ಕಠಿಣವಾದರೆ ಜನ ಹೆದರಿ ದೂರವಾಗುತ್ತಾರೆ, ತೀರಾ ಮೆತ್ತಗಾದರೆ ರಾಜನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ತಪ್ಪಿಗೆ ತಕ್ಕ ದಂಡ ವಿಧಿಸುವವನಿಗೆ ಮಾತ್ರ ಗೌರವ. 'ಯಥಾರ್ಹದಂಡ' ಎಂಬುದು ಅವನ ಪದ. ಮನುಸ್ಮೃತಿಯಲ್ಲಿ ದಂಡ ಬಹುಮಟ್ಟಿಗೆ ದೇವರ ಹಾಗೆ ಬರುತ್ತದೆ: 'ದಂಡಃ ಶಾಸ್ತಿ ಪ್ರಜಾಃ ಸರ್ವಾ ದಂಡ ಏವಾಭಿರಕ್ಷತಿ', ಎಲ್ಲ ಪ್ರಜೆಗಳನ್ನು ಹದ್ದಿನಲ್ಲಿಡುವುದೂ ದಂಡವೇ, ಕಾಯುವುದೂ ದಂಡವೇ, ಎಲ್ಲರೂ ಮಲಗಿದಾಗ ಎಚ್ಚರ ಇರುವುದೂ ದಂಡವೇ. ಅದೇ ಪುಸ್ತಕ ದಂಡದ ನಾಲ್ಕು ಮೆಟ್ಟಿಲು ಹೇಳುತ್ತದೆ, ಮೊದಲು ಮಾತಿನಲ್ಲಿ ತಿದ್ದುವುದು, ಆಮೇಲೆ ಛೀಮಾರಿ ಹಾಕುವುದು, ಆಮೇಲೆ ಹಣ, ಕೊನೆಗೆ ಮೈಮೇಲಿನ ದಂಡನೆ. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ಒಂದೇ ತಪ್ಪಿಗೆ ಜಾತಿ ನೋಡಿ ಬೇರೆ ಬೇರೆ ದಂಡ ಎಂಬುದನ್ನು ಮರೆತು ಬರೀ ಈ ಶ್ಲೋಕಗಳನ್ನು ಹೊಗಳುವುದು ನ್ಯಾಯವಲ್ಲ.

ದಂಡದ ಹಣ ಎಂಬುದು ಬಹಳ ಹಿಂದಿನಿಂದ ಸರಕಾರದ ಆದಾಯ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಹಳ್ಳಿಯನ್ನು ದಾನ ಕೊಡುವಾಗ 'ಸದಂಡದಶಾಪರಾಧ' ಎಂಬ ಮಾತು ಸೇರಿಸುತ್ತಿದ್ದರು. ಹತ್ತು ಬಗೆಯ ಅಪರಾಧಗಳಿಗೆ ಬರುವ ದಂಡದ ಹಣವೂ ಇನ್ನು ದಾನ ಪಡೆದವನಿಗೇ ಸೇರುತ್ತದೆ ಎಂದು ಅದರ ಅರ್ಥ. ಯಾರೋ ಮಾಡಿದ ತಪ್ಪು ಇನ್ಯಾರಿಗೋ ವರಮಾನ! ಕೊಡುವವನ ಕಡೆಯಿಂದ ನೋಡಿ, ದಂಡ ಕಟ್ಟಿದ ಹಣಕ್ಕೆ ಬದಲಿಗೆ ಏನೂ ಬರುವುದಿಲ್ಲ. ಕನ್ನಡದಲ್ಲಿ ದಂಡ ಅಂದರೆ ವ್ಯರ್ಥ ಎಂಬ ಅರ್ಥ ಹುಟ್ಟಿದ್ದು ಇಲ್ಲಿಂದಲೇ ಅಂತ ನನಗೆ ಅನಿಸುತ್ತದೆ. 'ದುಡ್ಡೆಲ್ಲ ದಂಡ', 'ಅಷ್ಟು ದೂರ ಹೋಗಿದ್ದು ಸುಮ್ನೆ ದಂಡ ಆಯ್ತು' ಅಂತೀವಿ. ಯಾರಿಗೂ ಉಪಯೋಗವಿಲ್ಲದವನು ದಂಡಪಿಂಡ. ಕೋಲಿನಿಂದ ಹೊರಟ ಪದ ರಾಜದಂಡವಾಗಿ, ಸೈನ್ಯವಾಗಿ, ಜುಲ್ಮಾನೆಯಾಗಿ ಕೊನೆಗೆ ಏನಕ್ಕೂ ಬಾರದ್ದು ಎಂಬಲ್ಲಿಗೆ ಬಂದು ನಿಂತಿದೆ. ಇಷ್ಟು ದೂರ ನಡೆದ ಪದಗಳು ಕನ್ನಡದಲ್ಲಿ ಜಾಸ್ತಿ ಇಲ್ಲ.

ದಂಡದ ವಿಷಯ ಬಂದಾಗ 'ದಂಡಂ ದಶಗುಣಂ' ಎಂಬ ಮಾತು ಬಂದೇ ಬರುತ್ತದೆ. ನಾಲ್ಕು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಅರ್ಥದಲ್ಲಿ ಎಲ್ಲರೂ ಹೇಳುತ್ತಾರೆ. ಪೂರ್ತಿ ಶ್ಲೋಕ ಕೇಳಿದವರು ಕಡಿಮೆ: 'ವಿಶ್ವಾಮಿತ್ರಾಹಿಪಶುಷು ಕರ್ದಮೇಷು ಜಲೇಷು ಚ, ಅಂಧೇ ತಮಸಿ ವಾರ್ಧಕ್ಯೇ ದಂಡಂ ದಶಗುಣಂ ಭವೇತ್'. ಇಲ್ಲಿ ವಿಶ್ವಾಮಿತ್ರ ಋಷಿ ಇಲ್ಲ. ಬಿಡಿಸಿದರೆ ವಿ ಅಂದರೆ ಹಕ್ಕಿ, ಶ್ವಾ ಅಂದರೆ ನಾಯಿ, ಅಮಿತ್ರ ಅಂದರೆ ಶತ್ರು, ಅಹಿ ಅಂದರೆ ಹಾವು, ಪಶು ಅಂದರೆ ದನ. ಇವುಗಳನ್ನು ಓಡಿಸಲು, ಕೆಸರಿನಲ್ಲಿ ಜಾರದಿರಲು, ನೀರಿನ ಆಳ ನೋಡಲು, ಕುರುಡರಿಗೆ, ಕತ್ತಲಲ್ಲಿ, ಮುಪ್ಪಿನಲ್ಲಿ, ಹೀಗೆ ಕೋಲು ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ ಎಂಬುದು ಶ್ಲೋಕದ ಅರ್ಥ. ಅದು ಊರುಗೋಲಿನ ಹೊಗಳಿಕೆ. ಮಕ್ಕಳನ್ನು ಹೊಡೆಯುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ಬಳಕೆಯ ವ್ಯತ್ಯಾಸ. ಕಾನೂನಿನ ಕನ್ನಡದಲ್ಲಿ ಶಿಕ್ಷೆ ದೊಡ್ಡ ಪದ, ಜೈಲು, ಗಲ್ಲು, ಹಣ ಎಲ್ಲ ಅದರೊಳಗೆ ಬರುತ್ತವೆ. ದಂಡ ಅಂದರೆ ಹಣ ಮಾತ್ರ. ಅದಕ್ಕೇ ಪತ್ರಿಕೆಯಲ್ಲಿ 'ಜೈಲು ಶಿಕ್ಷೆ ಮತ್ತು ದಂಡ' ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. ಆದರೆ ದಂಡನೆ ಎಂದು 'ನೆ' ಸೇರಿದ ಕೂಡಲೇ ಹಣದ ಅರ್ಥ ಹೋಗಿ ಮತ್ತೆ ದೊಡ್ಡ ಅರ್ಥ ಬರುತ್ತದೆ, ಮರಣದಂಡನೆ ಅನ್ನುತ್ತೇವಲ್ಲ. ಜೀವಾವಧಿಗೆ ಶಿಕ್ಷೆ, ಮರಣಕ್ಕೆ ದಂಡನೆ, ಹೀಗೇ ಯಾಕೆ ಅಂತ ಕೇಳಿದರೆ ರೂಢಿ ಅನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ, ಗಲ್ಲುಶಿಕ್ಷೆ ಅಂತಲೂ ಹೇಳುತ್ತೇವೆ. ಸಜೆ ಮತ್ತು ಜುಲ್ಮಾನೆ ಪಾರಸಿಯಿಂದ ಬಂದವು. ಪಾರಸಿಯ ಜುರ್ಮಾನಾದಲ್ಲಿದ್ದ 'ರ' ನಮ್ಮ ಬಾಯಲ್ಲಿ 'ಲ' ಆಯಿತು. ಕನ್ನಡದಲ್ಲಿ ಸಜೆ ಅಂದರೆ ಹೆಚ್ಚಾಗಿ ಜೈಲು, ಯಾರಿಗಾದರೂ ಸಾವಿರ ರೂಪಾಯಿ 'ಸಜೆ' ಆಯಿತು ಎಂದು ಹೇಳಿದರೆ ಕಿವಿಗೆ ಒಗ್ಗುವುದಿಲ್ಲ. 1860ರ ಇಂಡಿಯನ್ ಪೀನಲ್ ಕೋಡ್ ಅನ್ನು ನಾವು ಭಾರತೀಯ ದಂಡ ಸಂಹಿತೆ ಎಂದು ಕರೆದೆವು, ಅಲ್ಲಿ ದಂಡ ಹಳೆಯ ದೊಡ್ಡ ಅರ್ಥದಲ್ಲೇ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಹೆಸರಿನಿಂದ ದಂಡ ಹೋಯಿತು. ಒಳಗೆ ಶಿಕ್ಷೆಗಳ ಪಟ್ಟಿಯಲ್ಲಿ ಸಮುದಾಯ ಸೇವೆ ಎಂಬ ಹೊಸದೊಂದು ಸೇರಿಕೊಂಡಿದೆ.

ಕೊನೆಯ ಪ್ರಶ್ನೆ, ಕನ್ನಡದ್ದೇ ಪದ. ಶಿಕ್ಷೆಯ ಪೂರ್ತಿ ಅರ್ಥ ಕೊಡುವ ಒಂದೇ ಒಂದು ಅಚ್ಚ ಕನ್ನಡ ಪದ ಇವತ್ತಿನ ಬಳಕೆಯಲ್ಲಿ ಇಲ್ಲ, ಸುಮ್ಮನೆ ಹೊಸದು ಕಟ್ಟುವ ಅಗತ್ಯವೂ ನನಗೆ ಕಾಣುವುದಿಲ್ಲ. ಆದರೆ ಕೆಲಸವನ್ನು ಹೇಳುವ ಮಾತುಗಳು ಧಾರಾಳವಾಗಿವೆ: ಮಟ್ಟ ಹಾಕು, ಬಗ್ಗುಬಡಿ, ತೆರುವಂತೆ ಮಾಡು. ನನಗೆ ಇವುಗಳಿಗಿಂತ ಇಷ್ಟವಾದದ್ದು 'ತಪ್ಪುಕಾಣಿಕೆ'. ದೇವರಿಗೆ ಹರಕೆ ತಪ್ಪಿದಾಗ ಅಥವಾ ಕಟ್ಟಳೆ ಮೀರಿದಾಗ ಒಪ್ಪಿಸುವ ಹಣಕ್ಕೆ ಈ ಹೆಸರು. ತಪ್ಪೂ ಕನ್ನಡ, ಕಾಣಿಕೆಯೂ ಕನ್ನಡ. ದಂಡವನ್ನು ಯಾರೋ ಹಾಕುತ್ತಾರೆ, ಶಿಕ್ಷೆಯನ್ನು ಯಾರೋ ಕೊಡುತ್ತಾರೆ. ತಪ್ಪುಕಾಣಿಕೆಯನ್ನು ಮಾತ್ರ ತಪ್ಪು ಮಾಡಿದವನೇ ತೆಗೆದುಕೊಂಡು ಹೋಗಿ ಒಪ್ಪಿಸುತ್ತಾನೆ.